ಏಳನೆಯ ಪಾಲು

“ಇದು ಮರ ಅಲ್ಲ ಅಂದ್ರೆ ಮತ್ತೆ ಇನ್ನೇನು?”

ಮುನಿಯಲ್ಲಪ್ಪ ಇದನ್ನು ಯಾರನ್ನೂ ಕೇಳಿದ್ದಲ್ಲ. ಕೇಳಿಸಿಕೊಳ್ಳಲು ತೋಪಿನಲ್ಲಿ ಯಾರೂ ಇರಲಿಲ್ಲ. ಬೆಳಗಿನ ಏಳು ಗಂಟೆ. ಕಾಂಪೌಂಡಿನಾಚೆ ಅಪಾರ್ಟ್‌ಮೆಂಟಿನ ಪಂಪು ಗುಂಯ್ಗುಡುತ್ತಿತ್ತು. ತಣಿಸಂದ್ರದ ರಸ್ತೆ ಆಗಲೇ ಹಾರನ್ ಹೊಡೆಯಲು ಶುರುಮಾಡಿತ್ತು. ಅವನು ಒಂದು ಹೊಂಗೆಯ ಬುಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಮೊಣಕಾಲೆತ್ತರಕ್ಕೆ ಓರೆಯಾಗಿ ಕಡಿದ ಬುಡ. ಅದರ ಸುತ್ತ ಹನ್ನೊಂದು ಚಿಗುರು ಎದ್ದು ತೊಡೆಯ ಮಟ್ಟಕ್ಕೆ ಬಂದಿದ್ದವು. ಮೊನ್ನೆ ಬಿದ್ದ ಮಳೆಗೆ ಎಲೆಗಳು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ಎರಡು ತಿಂಗಳ ಕೂಸುಗಳು. ಅವನು ಒಂದೊಂದನ್ನೂ ಬೆರಳ ತುದಿಯಿಂದ ಮುಟ್ಟಿ ನೋಡಿದ. ಮುಟ್ಟಿದರೆ ಉತ್ತರ ಸಿಕ್ಕೀತು ಎನ್ನುವವನಂತೆ.

ಹಿಂದಿನ ಸಂಜೆ ಅವನ ತಮ್ಮನ ಮಗ ಮುನೀಂದ್ರ ಮೊಬೈಲಿನಲ್ಲಿ ಪಾಲಿಕೆಯ ಒಂದು ಕಾಗದ ತೋರಿಸಿದ್ದ. ಈ ಜಾಗ ಕಸದ ಗಾಡಿಗಳು ನಿಲ್ಲುವ ಅಂಗಳವಾಗುತ್ತದೆ, ಸೋಮವಾರ ಗುತ್ತಿಗೆದಾರರಿಗೆ ಒಪ್ಪಿಸುತ್ತಾರೆ ಎಂದು ಅದರಲ್ಲಿತ್ತು. ಕೆಳಗೆ ಒಂದು ಸಾಲು: ಸ್ಥಳದಲ್ಲಿರುವ ಮರಗಳು, ಇಲ್ಲ. ಅದರ ಕೆಳಗೆ ಮುನಿಯಲ್ಲಪ್ಪನದೇ ಸಹಿ. ಇವತ್ತು ಶುಕ್ರವಾರ.

ಈ ನೆಲವನ್ನು ಹಳೇ ಊರಿನವರು ಗುಂಡುತೋಪು ಎನ್ನುತ್ತಿದ್ದರು. ಯಾರೊಬ್ಬರದೂ ಅಲ್ಲ, ಊರಿನದು. ಅದನ್ನು ಏಳು ಪಾಲು ಮಾಡಿ, ವರ್ಷಕ್ಕೊಂದು ಪಾಲಿಗೆ ಸರತಿ ಇಟ್ಟಿದ್ದರು. ಶಿವರಾತ್ರಿ ಅಮಾವಾಸ್ಯೆ ಕಳೆದ ಮೂರನೆಯ ದಿನ ಆ ವರ್ಷದ ಪಾಲಿನ ಹೊಂಗೆಗಳನ್ನೆಲ್ಲ ಕಡಿಯುವುದು. ಸೊಪ್ಪು ಹೊಲಕ್ಕೆ, ಸೌದೆ ಒಲೆಗೆ, ಬುಡ ಮಾತ್ರ ನೆಲಕ್ಕೆ. ಗರಗಸ ಮುಟ್ಟಿಸುವ ಹಾಗಿಲ್ಲ. ಸಿಪ್ಪೆ ಸೀಳಿದರೆ ಚಿಗುರು ಒಡೆಯುವುದಿಲ್ಲ. ಮಳೆನೀರು ತಲೆಯ ಮೇಲೆ ನಿಂತರೆ ಬುಡ ಕೊಳೆಯುತ್ತದೆ, ಅದಕ್ಕೆ ಓರೆ ಏಟು. ಏಳನೆಯ ಪಾಲು ಕಡಿಯುವ ಹೊತ್ತಿಗೆ ಮೊದಲನೆಯದು ಮತ್ತೆ ಮರವಾಗಿ ನೆರಳು ಕೊಡುತ್ತಿತ್ತು. ಎಷ್ಟು ತಲೆಮಾರು ಉಂಡರೂ ತೋಪು ತೀರಲಿಲ್ಲ. ಬೆಳಿಗ್ಗೆ ಕರೆದರೆ ಸಂಜೆಗೆ ಮತ್ತೆ ಕೆಚ್ಚಲು ತುಂಬಿಕೊಳ್ಳುವ ಹಸುವಿನ ಹಾಗಿತ್ತು ಅದು.

ಕೊಡಲಿಗೆ ತೀರದ ತೋಪನ್ನು ಟೇಪು ಹಿಡಿದು ಬಂದವರು ತೀರಿಸಿದರು. ಎರಡು ಪಾಲು ದೊಡ್ಡ ರಸ್ತೆಗೆ ಹೋಯಿತು. ಒಂದರಲ್ಲಿ ನೀರಿನ ಟ್ಯಾಂಕು ಎದ್ದಿತು. ಇನ್ನೆರಡರ ದಾಖಲೆ ಅದು ಹೇಗೋ ಯಾರದೋ ಹೆಸರಿಗೆ ತಿರುಗಿ, ಅಲ್ಲೀಗ ಹದಿನಾಲ್ಕು ಮಹಡಿ ನಿಂತಿದೆ. ಆರನೆಯದರಲ್ಲಿ ಶಾಲೆ ಕಟ್ಟುತ್ತೇವೆಂದು ತಳಪಾಯ ತೋಡಿದರು. ಶಾಲೆಯೂ ಬರಲಿಲ್ಲ, ಬುಡಗಳೂ ಉಳಿಯಲಿಲ್ಲ. ಕೊನೆಗುಳಿದದ್ದು ಏಳನೆಯ ಪಾಲೊಂದೇ. ನಲವತ್ತೆರಡು ಮರ.

ಪಾಲು ಒಂದೇ ಉಳಿಯಿತೆಂದು ಮುನಿಯಲ್ಲಪ್ಪ ಸರತಿ ಬಿಡಲಿಲ್ಲ. ತೋಪು ಕಡಿಯುವ ಮನೆತನ ಅವನದು. ಆರು ವರ್ಷ ಒಂದು ರೆಂಬೆಯನ್ನೂ ಮುರಿಯದೆ ಕಾದು, ಏಳನೆಯ ವರ್ಷ ಕಡಿಯುತ್ತಿದ್ದ. ಈ ಶಿವರಾತ್ರಿಗೆ ಏಳು ತುಂಬಿತ್ತು.

ಆಗಲೂ ಮುನೀಂದ್ರ ಹೇಳಿದ್ದ. ಅವನು ಸಹಕಾರನಗರದ ಶಾಲೆಯೊಂದಕ್ಕೆ ವ್ಯಾನ್ ಓಡಿಸುತ್ತಾನೆ. ಊರಿನ ಸುದ್ದಿಯೆಲ್ಲ ಅವನ ವ್ಯಾನಿನಲ್ಲೇ ಹತ್ತಿ ಇಳಿಯುತ್ತದೆ.

“ದೊಡ್ಡಪ್ಪ, ಈ ತಿಂಗ್ಳು ಮರ ಎಣ್ಸೋಕೆ ಬರ್ತಾರಂತೆ. ಒಂದೇ ಒಂದ್ ವರ್ಷ ಮುಂದಕ್ ಹಾಕು.”

“ಸರ್ತಿ ಮುಂದಕ್ ಹಾಕೋಕೆ ಅದೇನು ನಿಮ್ಮ ಪರೀಕ್ಷೇನೇನ್ಲಾ? ಕಾಂಡ ದಪ್ಪ ಆದಷ್ಟೂ ಬುಡ ಚಿಗುರೋ ಶಕ್ತಿ ಕಮ್ಮಿ ಆಯ್ತದೆ.”

“ಎಣ್ಸೋರು ಬಂದು ನೋಡಿದ್ರೆ ಏನಿರತ್ತೆ ಅಲ್ಲಿ?”

“ಬುಡ ಇರ್ತದೆ. ಎಣ್ಸೋರು ಬುಡ ತಾನೆ ಎಣ್ಸೋದು? ಬುಡ ಎಲ್ಲಿಗೋಯ್ತದೆ?”

ಅವನಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವನಪ್ಪ ಎಣಿಸುತ್ತಿದ್ದದ್ದು ಬುಡವನ್ನೇ, ತಾತ ಎಣಿಸುತ್ತಿದ್ದದ್ದೂ ಬುಡವನ್ನೇ. ಮೇಲಿರುವುದು ಬರುತ್ತದೆ, ಹೋಗುತ್ತದೆ. ಅದನ್ನು ಯಾರು ಎಣಿಸುತ್ತಾರೆ? ಸರ್ಕಾರದವರು ಓದಿದವರು, ಅವರಿಗೆ ಇಷ್ಟೂ ಗೊತ್ತಿರುವುದಿಲ್ಲವೇ ಎಂದುಕೊಂಡ.

ಕಡಿಯುವ ದಿನ ಮೊದಲ ಮರಕ್ಕೆ ಅರಿಸಿನ ಕುಂಕುಮವಿಟ್ಟು, ಕೊಡಲಿಯನ್ನು ನೆಲದ ಮೇಲೆ ಮಲಗಿಸಿ, ತಾತನಿಂದ ಕಿವಿಗೆ ಬಿದ್ದ ಪದವನ್ನು ಹೇಳಿದ್ದ. ಅದನ್ನು ಯಾರೂ ಅವನಿಗೆ ಕೂರಿಸಿ ಕಲಿಸಿದ್ದಲ್ಲ. ಭಜನೆಮನೆಯ ಕಂಬಕ್ಕೆ ಒರಗಿ ಕೇಳುತ್ತಾ ಕೇಳುತ್ತಾ ಎಷ್ಟೋ ಪದಗಳು ಅವನೊಳಗೆ ಇಳಿದಿದ್ದವು, ಅವುಗಳಲ್ಲಿ ಇದೂ ಒಂದು:

ಕೈಯ ಕೊಡು ತಾಯಿ, ಕಾಲು ಕೇಳೆವು ನಾವು,
ಏಳು ಮಳೆಗಾಲಕೆ ಮರಳಿ ಬಾ.

ಸೌದೆ ಹೋಗುತ್ತಿದ್ದದ್ದು ತಣಿಸಂದ್ರದ ಅಮೀನಾಳ ಬೇಕರಿಗೆ. ಅವಳಪ್ಪನ ಕಾಲದಿಂದಲೂ ಅಲ್ಲಿನ ಬಟ್ಟಿ ಸೌದೆಯಲ್ಲೇ ಉರಿಯುವುದು. ತೋಪಿಗೆ ಇನ್ನೊಂದು ಕಟ್ಟಳೆಯಿತ್ತು: ಸೌದೆ ಒಯ್ದವರೇ ಬುಡಕ್ಕೆ ನೀರು ಹಾಕಬೇಕು, ಮುಂಗಾರು ಹಿಡಿಯುವ ತನಕ. ಉರಿಸಿದವರ ಕೈಯಿಂದಲೇ ತಂಪಾಗಬೇಕು ಎಂದು. ಹಾಗಾಗಿ ಕಡಿದ ವರ್ಷ ಪ್ರತಿ ಶುಕ್ರವಾರ ಅಮೀನಾ ಟೆಂಪೋದಲ್ಲಿ ಡ್ರಮ್ಮುಗಳನ್ನು ಹಾಕಿಸಿಕೊಂಡು ಬಂದು, ಸೆರಗು ಬಿಗಿದು, ನಲವತ್ತೆರಡು ಬುಡಕ್ಕೂ ನೀರು ಹೊಯ್ದು ಹೋಗುತ್ತಿದ್ದಳು. ಟೆಂಪೋ ಓಡಿಸುವವನು ಅವಳ ಅಳಿಯ.

ಕಡಿದು ನಾಲ್ಕನೆಯ ದಿನ ಎಣಿಕೆಯವರು ಬಂದರು. ಇಬ್ಬರು, ಕೈಯಲ್ಲಿ ಹಲಗೆಯಷ್ಟು ಅಗಲದ ಮೊಬೈಲು. ಒಬ್ಬ ಸುತ್ತ ಕಣ್ಣಾಡಿಸಿ ಕೇಳಿದ:

“ಯಾರ್ ಯಜಮಾನ್ರೇ ಇದನ್ನೆಲ್ಲ ಕಡ್ದಿದ್ದು?”

“ನಾವೇ ಸ್ವಾಮಿ,” ಎಂದ ಮುನಿಯಲ್ಲಪ್ಪ. ಅವನ ದನಿಯಲ್ಲಿ ಹೆಮ್ಮೆಯಿತ್ತು. “ನಲವತ್ತೆರಡೂ ಈ ಕೈಯಲ್ಲೇ. ನೋಡಿ, ಒಂದು ಕಡೆ ಸಿಪ್ಪೆ ಸೀಳಿದ್ರೆ ಕೇಳಿ.”

ಅವರು ಸಿಪ್ಪೆ ನೋಡಲಿಲ್ಲ. ಒಬ್ಬ ಒಂದು ಸೊನ್ನೆ ಬರೆದ, ಇನ್ನೊಬ್ಬ ಫೋಟೋ ತೆಗೆದ. ಆ ಸೊನ್ನೆಯ ಕೆಳಗೆ ಸ್ಥಳೀಯರೇ ಕಡಿದಿದ್ದಾರೆ ಎಂದು ಬರೆದ ಹಾಳೆಗೆ ಮುನಿಯಲ್ಲಪ್ಪ ಕನ್ನಡದಲ್ಲಿ ಗುಂಡಗೆ ಸಹಿ ಹಾಕಿಕೊಟ್ಟ. ಕುಡಿಯಲು ಮಜ್ಜಿಗೆಯನ್ನೂ ತರಿಸಿದ. ಎಣಿಸುವುದು ಇಷ್ಟು ಬೇಗ ಮುಗಿಯಿತಲ್ಲ ಎಂದು ಆಶ್ಚರ್ಯವಾಯಿತು, ಅಷ್ಟೆ.

ಕಾಗದ ನೋಡಿದ ಮರುದಿನ, ಶುಕ್ರವಾರ ಮಧ್ಯಾಹ್ನ, ಮುನೀಂದ್ರ ಅವನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಪಾಲಿಕೆಯ ಆಫೀಸಿಗೆ ಹೋದ. ಮರಗಳ ವಿಷಯ ನೋಡಿಕೊಳ್ಳುವ ಅಧಿಕಾರಿ ಐಶ್ವರ್ಯ ಎಂಬ ಹೆಣ್ಣುಮಗಳು, ಮೂವತ್ತು ದಾಟಿರಲಾರದು. ಎದ್ದು ನಿಂತು ಕುರ್ಚಿ ತೋರಿಸಿದಳು. ಮುನಿಯಲ್ಲಪ್ಪ ಕೂರದೆ, ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಒಂದು ಚಿಗುರನ್ನು ಮೇಜಿನ ಮೇಲಿಟ್ಟ.

“ಬುಡ ಸತ್ತಿದ್ರೆ ಇದು ಚಿಗುರ್ತಿತ್ತಾ ತಾಯಿ?”

ಅವಳು ಚಿಗುರನ್ನು ತಿರುಗಿಸಿ ನೋಡಿದಳು. ಬುಡದಿಂದ ಬಂದದ್ದೋ, ಪಕ್ಕದ ಬೇರಿನಿಂದ ಬಂದದ್ದೋ ಎಂದು ಕೇಳಿದಳು. ಕಡಿದ ಎತ್ತರ ಎಷ್ಟು, ಎಷ್ಟು ಚಿಗುರು ಉಳಿಸುತ್ತೀರಿ ಎಂದಳು. ಮೂರು ಉಳಿಸಿ ಮಿಕ್ಕದ್ದನ್ನು ಚಿವುಟುತ್ತೇವೆ ಎಂದು ಮುನಿಯಲ್ಲಪ್ಪ ಹೇಳುವಾಗ ಅವಳ ಮುಖ ಅರಳಿತು. ಅವನಿಗೆ ಜೀವ ಬಂದ ಹಾಗಾಯಿತು. ಇವಳಿಗೆ ಗೊತ್ತು! ಗೊತ್ತಿರುವವರು ಕಡೆಗೂ ಒಬ್ಬರು ಸಿಕ್ಕಿದರು.

“ಯಜಮಾನ್ರೇ, ನಾನು ಕಾಲೇಜಲ್ಲಿ ಓದಿದ್ದೂ ಇದನ್ನೇ. ಬುಡ ಬಿಟ್ಟು ಕಡಿಯೋದು, ಸರದಿ ಮೇಲೆ ಕಡಿಯೋದು, ಕಾಡು ಮುಗಿಯದ ಹಾಗೆ ಬಳಸೋದು. ಪರೀಕ್ಷೇಲಿ ಹತ್ತು ಅಂಕದ ಪ್ರಶ್ನೆಗೆ ಬರ್ದಿದೀನಿ. ಆದ್ರೆ ಬಳಸ್ತಾ ಇರೋರನ್ನ ನೋಡಿರ್ಲಿಲ್ಲ.”

“ಹಂಗಾದ್ರೆ ನಲವತ್ತೆರಡು ಅಂತ ಬರ್ಕೊಳಿ ಮೇಡಂ,” ಎಂದ ಮುನೀಂದ್ರ.

ಅವಳ ಮುಖ ಮತ್ತೆ ಆಫೀಸಿನ ಮುಖವಾಯಿತು. “ನಮೂನೇಲಿ ಮರ ಅಂದ್ರೆ ಎದೆಮಟ್ಟದಲ್ಲಿ ಸುತ್ತಳತೆ ಇರ್ಬೇಕು. ಇದಕ್ಕೆ ಎದೆಮಟ್ಟದಲ್ಲಿ ಏನೂ ಇಲ್ಲ.”

“ಎರಡು ವರ್ಷ ಬುಡಿ, ನಿಮ್ಮ ತಲೆ ಮೇಲೆ ಹೋಗಿರ್ತದೆ.”

“ಗೊತ್ತು. ಆದ್ರೆ ಎರಡು ವರ್ಷ ನನ್ನ ಕೈಯಲ್ಲಿಲ್ಲ. ಸೋಮವಾರ ಇದೆ. ಎಣಿಕೆ ಮುಗಿದು, ಆಕ್ಷೇಪಣೆಗೆ ಕೊಟ್ಟ ಮೂವತ್ತು ದಿನಾನೂ ಮುಗಿದಿದೆ. ಯಾರೂ ಬಂದಿಲ್ಲ.”

“ಯಾರಿಗ್ ಗೊತ್ತಿತ್ತು ಮೇಡಂ?” ಮುನೀಂದ್ರ ದನಿಯೇರಿಸಿದ. “ಎಲ್ಲಿ ಅಂಟ್ಸಿದ್ರಿ ನೋಟೀಸು?”

“ನಮ್ಮ ಬೋರ್ಡಲ್ಲಿ.”

 ಮೇಜಿನ ಮೇಲಿದ್ದ ಚಿಗುರಿನ ತುದಿ ಆಗಲೇ ಬಾಡಿ ಬಾಗಿತ್ತು. ಮುನೀಂದ್ರನೇ ಮತ್ತೆ ಕೇಳಿದ, ಏನು ಮಾಡಿದರೆ ನಿಲ್ಲುತ್ತದೆ ಮೇಡಂ ಎಂದು. ಅವಳು ಕಡತ ಮುಚ್ಚುತ್ತಾ ಅಂದಳು:

“ಕೋರ್ಟಿನ ತಡೆಯಾಜ್ಞೆ ಬರ್ಬೇಕು. ಅದು ಸೋಮವಾರದೊಳಗೆ ಆಗಲ್ಲ. ಇಲ್ಲಾ ಮರಗಳ್ಳತನದ ಕೇಸಿರೋ ಜಾಗ ಆಗಿರ್ಬೇಕು. ಕೇಸ್ ಮುಗಿಯೋವರೆಗೂ ಅಂಥ ಜಾಗಾನ ಒಪ್ಪಿಸೋ ಹಾಗಿಲ್ಲ. ಇಲ್ಲಿ ಕಳವೇ ಆಗಿಲ್ವಲ್ಲ. ನೀವೇ ಕಡ್ದಿದೀವಿ ಅಂತ ಬರ್ಕೊಟ್ಟಿದೀರ.”

ಅವಳು ಅದನ್ನು ಉಪಾಯವೆಂದು ಹೇಳಲಿಲ್ಲ. ಮುನೀಂದ್ರ ಮಾತ್ರ ಅದನ್ನು ಉಪಾಯವೆಂದೇ ಎತ್ತಿಕೊಂಡು ಹೊರಬಂದ.

ಮನೆಯ ಜಗಲಿಯ ಮೇಲೆ ಆ ಸಂಜೆಯೆಲ್ಲ ಅದೇ ಮಾತು. ಮುನಿಯಲ್ಲಪ್ಪನ ಹೆಂಡತಿ ಗೋಪಾಲಮ್ಮ ನೆನೆಸಿದ ಅವರೆಕಾಳನ್ನು ಚಿಲುಕಿಸಿ ಸಿಪ್ಪೆ ತೆಗೆಯುತ್ತಾ ಕೇಳಿಸಿಕೊಳ್ಳುತ್ತಿದ್ದಳು.

“ಸಿಂಪಲ್ ದೊಡ್ಡಪ್ಪ. ಟೆಂಪೋದೋರು ಬಂದು ಕಡ್ಕೊಂಡ್ ಹೋದ್ರು, ನಾನು ಭಯಕ್ಕೆ ನಾವೇ ಕಡ್ದಿದ್ದು ಅಂದ್ಬುಟ್ಟೆ ಅಂತ ಒಂದು ಕಂಪ್ಲೇಂಟು. ಅಪಾರ್ಟ್‌ಮೆಂಟ್ ಕ್ಯಾಮೆರಾದಲ್ಲಿ ಟೆಂಪೋ ತುಂಬ ಸೌದೆ ಹೋಗಿದ್ದು ಅದೆ. ಸಾಕ್ಷಿ ಸಮೇತ.”

“ಕಡ್ಕೊಂಡೋಗೋರು ಪ್ರತಿ ಶುಕ್ರವಾರ ಬಂದು ನೀರೂ ಹಾಕ್ತಾರೇನ್ಲಾ?” ಎಂದಳು ಗೋಪಾಲಮ್ಮ. “ಅದೂ ಕ್ಯಾಮೆರಾದಲ್ಲಿ ಇದ್ದಾದು, ನೋಡ್ಕೊ.”

“ಅದಕ್ಕೇ ದೊಡ್ಡಮ್ಮ, ಅಮೀನಕ್ಕನೇ ಒಪ್ಕೋಬೇಕು. ಅವರು ‘ಇಲ್ಲ, ಊರೋರೇ ಕೊಟ್ರು’ ಅಂದ್ಬುಟ್ರೆ ಕೇಸು ಅಲ್ಲಿಗೇ ಬಿದ್ದೋಯ್ತದೆ. ತಪ್ಪಾಯ್ತು, ಕೇಳ್ದೆ ತಗೊಂಡ್ವಿ ಅಂತ ಒಂದು ಮಾತು. ಒಂದು ದಂಡ ಹಾಕ್ತಾರೆ, ನಾವೆಲ್ಲ ಸೇರಿ ಕಟ್ಟೋಣ. ಕೇಸು ವರ್ಷಗಟ್ಲೆ ನಡೀತದೆ. ಅಷ್ಟರಲ್ಲಿ ಮರ ಎದೆ ಮಟ್ಟಕ್ಕೆ ಬಂದಿರ್ತದೆ.”

ಲೆಕ್ಕ ಸರಿಯಾಗಿಯೇ ಇತ್ತು, ಮುನಿಯಲ್ಲಪ್ಪನ ಎದೆಗೆ ಭಾರವಾದದ್ದೇ ಅದು. ತಪ್ಪು ಲೆಕ್ಕವಾಗಿದ್ದರೆ ಬೈದು ಎದ್ದು ಹೋಗಬಹುದಿತ್ತು. ಎರಡು ವರ್ಷ ಸಿಕ್ಕರೆ ತೋಪು ತನ್ನ ಸಾಕ್ಷಿ ತಾನೇ ಹೇಳುತ್ತದೆ.

“ನೀನೇನಂತೀಯೆ?” ಎಂದು ಹೆಂಡತಿಯನ್ನು ಕೇಳಿದ.

“ನಾನೇನನ್ಲಿ? ಮರ ಕಡಿಯೋವಾಗ ನನ್ನ ಕೇಳಿದ್ರಾ, ಸಯ್ನಾಕೋವಾಗ ಕೇಳಿದ್ರಾ? ಮಜ್ಜಿಗೆ ಕೇಳಿದ್ರಿ, ಮಾಡ್ಕೊಟ್ಟೆ.” ಆಮೇಲೆ ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿ, ಮೆತ್ತಗೆ ಹೇಳಿದಳು: “ಕೇಳಬ್ಯಾಡಿ ಅಂದ್ರೆ ನೀವು ನಿದ್ದೆ ಮಾಡಾಕಿಲ್ಲ. ಕೇಳಿ ಅಂದ್ರೆ ನಂಗೆ ನಿದ್ದೆ ಬರಾಕಿಲ್ಲ.”

ಶನಿವಾರ ಸಂಜೆ ಅವನು ತಣಿಸಂದ್ರಕ್ಕೆ ನಡೆದೇ ಹೋದ. ಮುನೀಂದ್ರ ಬರುತ್ತೇನೆಂದರೂ ಬೇಡವೆಂದ. ಈ ಮಾತನ್ನು ಕೇಳುವಾಗ ಪಕ್ಕದಲ್ಲಿ ಇನ್ನೊಂದು ಜೋಡಿ ಕಿವಿ ಇರುವುದು ಅವನಿಗೆ ಬೇಕಿರಲಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿದ. ಯಾವ ಕಡೆಯಿಂದ ಶುರುಮಾಡಿದರೂ ಅದು ‘ಕಳವು’ ಎಂಬಲ್ಲಿಗೇ ಬಂದು ಮುಟ್ಟುತ್ತಿತ್ತು. ಕಿವಿಯಲ್ಲಿ ಎಷ್ಟೊಂದು ಪದಗಳಿದ್ದವು: ಬೇಡುವುದಕ್ಕೆ, ಹೊಗಳುವುದಕ್ಕೆ, ಒಪ್ಪಿಸಿಕೊಳ್ಳುವುದಕ್ಕೆ. ಇದಕ್ಕೆ ಒಂದೂ ಒದಗಲಿಲ್ಲ.

ಬೇಕರಿಯ ಮುಂದೆ ಸಂಜೆಯ ಗಿರಾಕಿಗಳ ಗುಂಪು ಕರಗುತ್ತಿತ್ತು. ಅಮೀನಾ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಳು. ಐವತ್ತರ ಹೆಂಗಸು, ಬಟ್ಟಿಯ ಬಿಸಿಗೆ ಮುಂಗೈಯ ಕೂದಲೆಲ್ಲ ಸುಟ್ಟುಹೋಗಿತ್ತು. ಅವನನ್ನು ಕಂಡದ್ದೇ ಎದ್ದು ಒಳಗೆ ಕರೆದಳು.

“ಬನ್ನಿ ಮಾವ, ಇತ್ತ ಕೂತ್ಕೊಳಿ. ಅಲ್ಲಿ ಬೇಡ, ಕಾವು ಹೊಡಿಯತ್ತೆ. ನಡ್ಕೊಂಡ್ ಬಂದ್ರಾ? ಅತ್ತೆ ಬೈಲಿಲ್ವಾ?”

“ಅವ್ಳು ಬಯ್ಯೋದು ನಿಲ್ಸಿದ್ರೆ ನಾನು ಡಾಕ್ಟ್ರ ಹತ್ರ ಓಗ್ಬೇಕು.”

ಅವಳು ನಕ್ಕು, ಆಗತಾನೆ ತೆಗೆದ ಬನ್ನನ್ನು ಕಾಗದದ ಮೇಲಿಟ್ಟು ಕೊಟ್ಟಳು. ಚಹಾ ತರಿಸಿದಳು. ಅವನು ಬನ್ನನ್ನು ಮುರಿದು ಕೈಯಲ್ಲೇ ಹಿಡಿದುಕೊಂಡ. ಹಿಂದೆ ಬಟ್ಟಿಯ ಬಾಯಲ್ಲಿ ಸೌದೆ ಚಿಟಚಿಟ ಎನ್ನುತ್ತಿತ್ತು. ಅದು ತೋಪಿನ ಹೊಂಗೆಯೇ ಎಂದು ಅವನಿಗೆ ವಾಸನೆಯಿಂದಲೇ ಗೊತ್ತಾಯಿತು.

“ಮಾವ, ಮೂಲೇಲಿರೋ ಬುಡ ನೋಡಿದ್ರಾ? ಹದಿನಾಲ್ಕು ಚಿಗುರು ಬಂದಿದೆ. ಯಾವಾಗ ಚಿವುಟೋದು? ಅಪ್ಪ ಅಂತಿದ್ರು, ಮೂರು ಬಿಡು, ಅದ್ರಲ್ಲಿ ಗಾಳಿ ಕಡೆಗಿರೋದು ಒಂದಿರ್ಲಿ ಅಂತ.”

“ಮುಂಗಾರು ಹಿಡಿದ್ಮೇಲೆ,” ಎಂದ. ಬಾಯಿಂದ ತಾನೇ ತಾನಾಗಿ ಬಂದ ಮಾತು. ಆಡಿದ ಮೇಲೆ ಬನ್ನನ್ನು ಕಾಗದದ ಮೇಲೆ ಇಟ್ಟ. “ಮುಂಗಾರಿನ ತಂಕ ಇರಾಕಿಲ್ಲ ಕಣವ್ವ ಅದು. ಸೋಮವಾರ ಜೆಸಿಬಿ ಬತ್ತದೆ.”

ಎಲ್ಲವನ್ನೂ ಹೇಳಿದ. ಸೊನ್ನೆ ಬರೆದದ್ದು, ಎದೆಮಟ್ಟದ ಅಳತೆ, ಮೂವತ್ತು ದಿನದ ನೋಟೀಸು. ಅಮೀನಾ ತಲೆಯ ಮೇಲಿನ ಸೆರಗು ಜಾರಿದ್ದನ್ನೂ ಮರೆತು ಕೇಳಿದಳು.

“ನಿನ್ನೆ ತಾನೆ ನೀರು ಹಾಕ್ ಬಂದ್ನಲ್ಲ ಮಾವ,” ಎಂದಳು ಕೊನೆಗೆ. 

“ಒಂದು ದಾರಿ ಅದೆ.”

“ಹೇಳಿ. ಸಹಿ ಬೇಕಾ? ತಣಿಸಂದ್ರದಿಂದ ನೂರು ಸಹಿ ಮಾಡಿಸ್ಕೊಡ್ತೀನಿ. ಬಂದು ಅಡ್ಡ ನಿಲ್ಲಬೇಕಾ? ನಿಲ್ತೀನಿ.”

ಅವನು ದಾರಿಯುದ್ದಕ್ಕೂ ಜೋಡಿಸಿದ ಮಾತು ಒಂದೂ ನೆನಪಾಗಲಿಲ್ಲ. ಚಹಾದ ಲೋಟವನ್ನೇ ನೋಡುತ್ತಾ, ಮುನೀಂದ್ರ ಹೇಳಿದ್ದನ್ನು ಮುನೀಂದ್ರನ ಮಾತಿನಲ್ಲೇ ಒಪ್ಪಿಸಿದ. ಕಳವಿನ ಕೇಸಿದ್ದರೆ ನಿಲ್ಲುತ್ತದಂತೆ. ಟೆಂಪೋ ಕ್ಯಾಮೆರಾದಲ್ಲಿದೆಯಂತೆ.

ಅಮೀನಾಗೆ ಮೊದಲು ಅರ್ಥವಾಗಲಿಲ್ಲ. “ಕೇಸ್ ಅಂದ್ರೆ ಯಾರ ಮೇಲೆ?”

“ನಿನ್ನ ಮೇಲಲ್ಲ ತಾಯಿ. ಟೆಂಪೋ ಮೇಲೆ.”

“ಟೆಂಪೋ ತಾನಾಗೇ ಓಡ್ಕೊಂಡ್ ಬಂತಾ ಮಾವ?”

 ಒಳಗಿನಿಂದ ಯಾರೋ ರಸ್ಕಿನ ಟ್ರೇ ತಂದರು. ಅವಳು ಕೈಸನ್ನೆ ಮಾಡಿ ಹಿಂದಕ್ಕೆ ಕಳಿಸಿದಳು.

“ಬರೀ ಕಾಗದದಲ್ಲಿ ಕಣವ್ವ. ನಿಜ ಏನು ಅಂತ ಊರಿಗೆಲ್ಲ ಗೊತ್ತಿರ್ತದಲ್ಲ. ದಂಡ ನಾವು ಕಟ್ತೀವಿ.”

“ತೋಪು ಹೋಗ್ತಿರೋದೂ ಬರೀ ಕಾಗದದಲ್ಲೇ ಅಲ್ವಾ ಮಾವ? ಊರಿಗೆಲ್ಲ ನಿಜ ಗೊತ್ತಿಲ್ವಾ ಅದೂ?”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಅವನಿಗೆ ಕೂತಿರುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವಳು ಮೇಜಿನ ಮೇಲೆ ಬಿದ್ದಿದ್ದ ಬನ್ನಿನ ಚೂರುಗಳನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡುತ್ತಿದ್ದಳು.

“ನೀವು ‘ನಾವೇ ಕಡಿದ್ವಿ’ ಅಂತ ಬರ್ಕೊಟ್ರಿ. ಅವರು ಮಜ್ಜಿಗೆ ಕುಡಿದು ಹೋದ್ರು. ನಮ್ ಹುಡ್ಗ ‘ನಾನೇ ಕದ್ದೆ’ ಅಂತ ಬರ್ಕೊಟ್ರೆ ಮಜ್ಜಿಗೆ ಕುಡಿದು ಹೋಗ್ತಾರಾ? ನಮ್ದಾದ್ರೆ ಮೊದ್ಲು ಹೆಸರು ಓದ್ತಾರೆ ಮಾವ, ಮಿಕ್ಕಿದ್ದು ಆಮೇಲೆ. ನಾಳೆ ಅವನ ಫೋಟೋ ಎಲ್ಲರ ಮೊಬೈಲಲ್ಲೂ ಇರತ್ತೆ, ಮರಗಳ್ಳ ಅಂತ. ಹದಿನಾಲ್ಕು ಮಹಡಿಯೋರು ಬನ್ನು ತಗೊಳೋಕೆ ಬರೋದು ಈ ಅಂಗಡಿಗೇ.”

“ಗೊತ್ತು ತಾಯಿ.”

“ಗೊತ್ತಿದ್ದೂ ಬಂದ್ರಲ್ಲ.”

ಮುನಿಯಲ್ಲಪ್ಪ ಎಪ್ಪತ್ತೆರಡು ವರ್ಷಕ್ಕೆ ಕಡಿದ ಮರದ ಲೆಕ್ಕವನ್ನು ಒಂದು ದಿನವೂ ಮುಚ್ಚಿಟ್ಟವನಲ್ಲ; ನಾವೇ ಎಂದು ಎದೆಯುಬ್ಬಿಸಿ ಹೇಳಿಯೇ ಕೆಟ್ಟವನು. ಈಗ ಇನ್ನೊಬ್ಬರ ಬಾಯಿಂದ ಸುಳ್ಳು ಬೇಡಲು ಬಂದು ಕೂತಿದ್ದ. ಏಳಬೇಕೆನಿಸಿತು. ಎದ್ದರೆ ಸೋಮವಾರ ಎದುರಿಗೇ ನಿಂತಿತ್ತು: ಬುಡಗಳನ್ನು ಬೇರುಸಹಿತ ಮಗುಚುವ ಉಕ್ಕಿನ ಕೈ. ಕಾಲನ್ನೂ ಕೇಳುವ ಕೈ. ಆಮೇಲೆ ಚಿಗುರಲು ಏನೂ ಇರುವುದಿಲ್ಲ. ಏಳಲ್ಲ, ಎಪ್ಪತ್ತು ಮಳೆಗಾಲ ಬಂದರೂ ಇಲ್ಲ.  ಬನ್ನಿನ ಚೂರು ಅಂಟಿದ್ದ ಎರಡೂ ಕೈಗಳನ್ನು ಜೋಡಿಸಿ, ಚಿಕ್ಕಂದಿನಿಂದ ಕಂಡ ಹುಡುಗಿಯ ಮುಂದೆ ಎತ್ತಿದ.

“ಬೇಡ್ಕೋತೀನಿ ಅಮೀನಾ. ಎರಡೇ ಎರಡು ವರ್ಷ.”

ಅವಳು ತಟ್ಟನೆ ಮುಂದೆ ಬಂದು ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಒಂದಿಷ್ಟೂ ಅಲುಗಲಿಲ್ಲ.

“ಇಲ್ಲ ಮಾವ. ಕದ್ವಿ ಅಂತ ನಾನೂ ಹೇಳಲ್ಲ, ಅವನ ಕೈಲೂ ಹೇಳ್ಸಲ್ಲ.”